ಖಾಲಿ ಜಾಗದ ಬೆಲೆ

ಕೊಳ್ಳುವ ವಸ್ತುಗಳಲ್ಲೆಲ್ಲ ಖಾಲಿ ನಿವೇಶನದಷ್ಟು ವಿಚಿತ್ರವಾದುದು ಬೇರೊಂದಿಲ್ಲ. ಸೀರೆಯನ್ನು ಬಿಡಿಸಿ ಬೆಳಕಿಗೆ ಹಿಡಿಯಬಹುದು. ಹಸುವಿನ ಹಲ್ಲು ನೋಡಬಹುದು. ತೆಂಗಿನಕಾಯಿಯನ್ನು ಕಿವಿಯ ಬಳಿ ಅಲುಗಿಸಿ ಒಳಗಿನ ನೀರನ್ನು ಕೇಳಬಹುದು. ನಿವೇಶನದಲ್ಲಿ ನೋಡುವುದಕ್ಕೆ ಇರುವುದೇನು? ನಾಲ್ಕು ಮೂಲೆಗೆ ನಾಲ್ಕು ಕಲ್ಲು, ಎದೆಯುದ್ದ ಪಾರ್ಥೇನಿಯಂ, ಯಾರೋ ಎಸೆದ ಒಂಟಿ ಚಪ್ಪಲಿ. ಆದರೂ ನಮ್ಮಂಥವರು ಜೀವಮಾನದಲ್ಲಿ ಮಾಡುವ ಅತಿ ದೊಡ್ಡ ವ್ಯಾಪಾರವನ್ನು ಈ ಶೂನ್ಯದ ಮುಂದೆ ನಿಂತೇ ಮಾಡಬೇಕಾಗಿದೆ.

ಒಂದು ವರ್ಷದಿಂದ ಭಾನುವಾರಗಳಂದು ಮೈಸೂರಿನ ಅಂಚಿನ ಬಡಾವಣೆಗಳನ್ನು ಅಲೆಯುವುದು ನನ್ನ ವ್ರತವಾಗಿದೆ. ಹಣ ನಾನು ದುಡಿದದ್ದಲ್ಲ. ಊರಿನಲ್ಲಿ ನಮ್ಮ ತಂದೆಯವರು 30 ಗುಂಟೆ ಗದ್ದೆಯನ್ನು ಮಾರಿದರು. ನನ್ನ ಇಬ್ಬರು ಅಕ್ಕಂದಿರೂ ಬಂದು, ಒಂದು ಮಾತೂ ಆಡದೆ, ಪತ್ರಕ್ಕೆ ಸಹಿ ಹಾಕಿ ಹೋದರು. ಒಂದು ಗುಂಟೆಗೆ 1089 ಚದರಡಿ. 30–40ರ ನಿವೇಶನವೆಂದರೆ 1200 ಚದರಡಿ. ಅಂದರೆ ಮೂವತ್ತು ಗುಂಟೆ ಕೊಟ್ಟು ಒಂದು ಗುಂಟೆ ಚಿಲ್ಲರೆಯನ್ನು ಮನೆಗೆ ತರುವ ಲೆಕ್ಕ. ಹೀಗಿರುವಾಗ ಆ ಒಂದು ಗುಂಟೆಯ ನಿಜವಾದ ಬೆಲೆ ಎಷ್ಟೆಂಬುದನ್ನು ತೂಗಿ ನೋಡದೆ ಹೋದರೆ ರಾತ್ರಿ ನಿದ್ದೆ ಹತ್ತುವುದಾದರೂ ಹೇಗೆ?

ದಲ್ಲಾಳಿಗಳ ವ್ಯಾಕರಣದಲ್ಲಿ ವರ್ತಮಾನಕಾಲವೆಂಬುದೇ ಇಲ್ಲವೆಂದು ನಾನು ಬೇಗನೆ ಕಂಡುಕೊಂಡೆ. ಮುಂದೆ ಇಲ್ಲಿ ಅರವತ್ತು ಅಡಿ ರಸ್ತೆ ಬರುತ್ತದೆ. ಅಲ್ಲಿ ಶಾಲೆ ಏಳುತ್ತದೆ. ಎರಡು ವರ್ಷದಲ್ಲಿ ಬೆಲೆ ಇಮ್ಮಡಿಯಾಗುತ್ತದೆ. 2023ರಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿಯ ಉದ್ಘಾಟನೆಯಾದ ಮೇಲಂತೂ ನಗರದ ಯಾವ ದಿಕ್ಕಿಗೆ ಹೋದರೂ ಅದು ಹೆದ್ದಾರಿಗೆ ‘ಹತ್ತಿರ’ವೇ. ಬರಲಿರುವ ರಸ್ತೆಗೆ ನಾನೇಕೆ ಇಂದೇ ಹಣ ತೆರಬೇಕು? ಬಂದಾಗ ಬರಲಿ. ಇಂದು ಚರಂಡಿ ಇದೆಯೇ, ನಲ್ಲಿಯಲ್ಲಿ ನೀರಿದೆಯೇ, ಪಕ್ಕದಲ್ಲಿ ಮನೆ ಕಟ್ಟಿಕೊಂಡವರು ಏನು ಕೊಟ್ಟು ಕೊಂಡರು, ಇವಿಷ್ಟೇ ನನ್ನ ಪ್ರಶ್ನೆಗಳು. ಕೇಳುವ ಬೆಲೆ ಬೇರೆ, ಕುದುರುವ ಬೆಲೆ ಬೇರೆ. ಸರ್ಕಾರದ ಮಾರ್ಗಸೂಚಿ ಬೆಲೆಯೆಂಬುದು ಮುದ್ರಾಂಕ ಶುಲ್ಕವನ್ನು ಲೆಕ್ಕ ಹಾಕಲು ಇರುವ ಅಂಕಿ. ಪೇಟೆಯ ಬೆಲೆ ಅದನ್ನು ಕೇಳಿಕೊಂಡು ನಡೆಯುವುದಿಲ್ಲ. ಆ ಬೀದಿಯಲ್ಲೇ ಈಚೆಗೆ ಮಾರಿದವರನ್ನೂ ಕೊಂಡವರನ್ನೂ ಹುಡುಕಿ ಕೇಳುವುದೇ ಲೇಸು. ಕೊಂಡವರು ಸ್ವಲ್ಪ ಹೆಚ್ಚಿಸಿ ಹೇಳುತ್ತಾರೆ, ಅದು ಮನುಷ್ಯಸ್ವಭಾವ.

ಖಾಲಿ ಜಾಗದ ಬೆಲೆಯೆಂದರೆ ಅದರ ಮೇಲೆ ನಿಲ್ಲಬಹುದಾದ ಮನೆಯ ಬೆಲೆ. 1200 ಚದರಡಿಗೆ ಹಣ ಕೊಡುತ್ತೇವೆ, ನಿಜ. ಸುತ್ತ ಮೂರು ಮೂರು ಅಡಿ ಬಿಟ್ಟರೆಂದುಕೊಂಡರೂ ಕಟ್ಟಲು ಉಳಿಯುವುದು 24ಕ್ಕೆ 34, ಅಂದರೆ 816 ಚದರಡಿ. ಬಿಡಬೇಕಾದದ್ದು ಎಷ್ಟು, ಎಷ್ಟು ಅಂತಸ್ತು ಏರಿಸಬಹುದು ಎಂಬುದನ್ನೆಲ್ಲ ಎದುರಿನ ರಸ್ತೆಯ ಅಗಲವೂ ನಿವೇಶನದ ಅಳತೆಯೂ ನಿರ್ಧರಿಸುತ್ತವೆ. ಅಗ್ಗವೆಂದು ಕಂಡ ಎಷ್ಟೋ ಜಾಗಗಳು ಈ ಲೆಕ್ಕದ ಮುಂದೆ ದುಬಾರಿಯಾಗುತ್ತವೆ.

ಇನ್ನು ಕಾಗದಪತ್ರಗಳು. ಕೃಷಿಭೂಮಿಯಾಗಿದ್ದರೆ ಭೂಪರಿವರ್ತನೆಯ ಆದೇಶ, ಬಡಾವಣೆಯ ಅನುಮೋದಿತ ನಕ್ಷೆ, ಮೂಲಪತ್ರ, ಖಾತೆ, ಮೂವತ್ತು ವರ್ಷದ ಋಣಭಾರ ಪ್ರಮಾಣಪತ್ರ ಇವೆಲ್ಲ ಬೇಕು. ಋಣಭಾರ ಪತ್ರದಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರಗಳು ಮಾತ್ರ; ದಾಯಾದಿಗಳ ಮನಸ್ಸಿನಲ್ಲಿರುವುದು ಕಾಣುವುದಿಲ್ಲ. 2005ರ ತಿದ್ದುಪಡಿಯ ಅನಂತರ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ದೇಶಾದ್ಯಂತ ಹೆಣ್ಣುಮಕ್ಕಳಿಗೂ ಸಮಭಾಗವಿದೆ. ಆದುದರಿಂದ ಒಂದೆಡೆ ನಾನು ದಲ್ಲಾಳಿಯನ್ನು ಕೇಳಿದೆ: “ಮಾರುವವರಿಗೆ ಅಕ್ಕತಂಗಿಯರು ಇದ್ದಾರೆಯೆ?” ಆತ ನಕ್ಕು, “ಸಾರ್, ನೀವು ಸೈಟು ನೋಡಲು ಬಂದಿರೋ, ಸಂಬಂಧ ನೋಡಲು ಬಂದಿರೋ?” ಎಂದ. ಎರಡಕ್ಕೂ ಅಂಥ ವ್ಯತ್ಯಾಸವೇನೂ ಇಲ್ಲ! ಬ್ಯಾಂಕು ಆ ಜಾಗದ ಮೇಲೆ ಸಾಲ ಕೊಡಲು ಒಪ್ಪುವುದೇ ಎಂದು ವಿಚಾರಿಸುವುದು ಇನ್ನೊಂದು ಒಳ್ಳೆಯ ಒರೆಗಲ್ಲು. ಸಾಲ ಬೇಡದವರೂ ವಿಚಾರಿಸಬಹುದು.

ಕಳೆದ ತಿಂಗಳು ಒಂದು ನಿವೇಶನ ಮನಸ್ಸಿಗೆ ಹಿಡಿಸಿತು. ಚದರಡಿಗೆ 3000 ರೂಪಾಯಿ ಕೇಳಿದರು. ತಂದೆಯವರನ್ನು ಊರಿನಿಂದ ಕರೆಸಿದೆ. ಅವರು ಬಂದವರೇ ಬಗ್ಗಿ ಒಂದು ಚಿಟಿಕೆ ಮಣ್ಣು ತೆಗೆದು ಬೆರಳಲ್ಲಿ ಉಜ್ಜಿದರು. ಬೆಳೆ ಬೆಳೆಯುವ ಜಾಗವಲ್ಲವಪ್ಪ ಎನ್ನಬೇಕೆಂದಿದ್ದೆ, ನಾಲಗೆ ಏಳಲಿಲ್ಲ. “ಇದು ತಂದು ಸುರಿದ ಮಣ್ಣು,” ಎಂದರು. ಆಮೇಲೆ ಹಿಂಬದಿಯ ಮೂಲೆಯಲ್ಲಿ ಬೆಳೆದಿದ್ದ ನಾಲ್ಕೆಳೆ ಜೊಂಡನ್ನು ತೋರಿಸಿ ದಲ್ಲಾಳಿಯನ್ನು ಕೇಳಿದರು: “ಇಲ್ಲಿ ಬಿದ್ದ ಮಳೆ ನೀರು ಎಲ್ಲಿಗೆ ಹೋಗುತ್ತೆ, ಸ್ವಾಮಿ?”

ದಲ್ಲಾಳಿಯ ಬಳಿ ಉತ್ತರವಿರಲಿಲ್ಲ. ನೀರು ತನ್ನ ದಾರಿಯನ್ನು ಮರೆಯುವುದಿಲ್ಲ. ಬೆಂಗಳೂರಿನಲ್ಲಿ ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಬಸ್ಸು ನಿಲ್ದಾಣವೂ ಸಂಪಂಗಿ ಕೆರೆಯಲ್ಲಿ ಕಂಠೀರವ ಕ್ರೀಡಾಂಗಣವೂ ಎದ್ದವು. 2022ರ ಸೆಪ್ಟೆಂಬರಿನ ಮಳೆಗೆ ಅದೇ ನಗರದ ಪೂರ್ವಭಾಗದ ಭಾರಿ ಬೆಲೆಯ ಬಂಗಲೆಗಳಿಗೂ ನೀರು ನುಗ್ಗಿ, ಜನರನ್ನು ದೋಣಿಗಳಲ್ಲಿಯೂ ಟ್ರಾಕ್ಟರುಗಳಲ್ಲಿಯೂ ಹೊರತಂದರು. ತುಂಬಿದ ಮಣ್ಣಿನಲ್ಲಿ ಗಟ್ಟಿ ನೆಲ ಸಿಗುವವರೆಗೆ ಪಾಯ ತೋಡಬೇಕು. ಆ ಆಳಕ್ಕೆಲ್ಲ ಕಲ್ಲು, ಸಿಮೆಂಟು, ಕೂಲಿ. ಆ ಖರ್ಚನ್ನು ನಿವೇಶನದ ಬೆಲೆಯಲ್ಲಿ ಕಳೆಯುವುದು ನ್ಯಾಯವೆಂದು ನನ್ನ ಅಭಿಪ್ರಾಯ.

ಹೊರಡುವ ಮುನ್ನ ತಂದೆಯವರೂ ನಾನೂ ಟೇಪು ಹಿಡಿದು ಅಳೆದೆವು. ಪತ್ರದಲ್ಲಿ ನಲವತ್ತು ಅಡಿಯಿದ್ದ ಉದ್ದ ನೆಲದ ಮೇಲೆ ಮೂವತ್ತೆಂಟೇ ಆಯಿತು. ಎರಡು ಅಡಿಗೆ 60 ಚದರಡಿ, 1,80,000 ರೂಪಾಯಿ. “ಪಕ್ಕದವರು ಕಾಂಪೌಂಡು ಸ್ವಲ್ಪ ಈಚೆಗೆ ಹಾಕಿದ್ದಾರೆ, ಸಾರ್, ಮಾತಾಡಿದರೆ ಸರಿಹೋಗುತ್ತೆ,” ಎಂದ ದಲ್ಲಾಳಿ. ಮತ್ತೆ ಭವಿಷ್ಯತ್ಕಾಲ!

ಚಕ್ಕುಬಂದಿ ಸರಿಯಾಗಲಿ, ಪಾಯದ ಖರ್ಚು ಕಳೆದು ಬೆಲೆ ಹೇಳಲಿ ಎಂದು ತಿಳಿಸಿ ಬಂದಿದ್ದೇವೆ. ಆತ ಎರಡು ಸಲ ಫೋನು ಮಾಡಿ, ಬೇರೆ ಗಿರಾಕಿ ಮುಂಗಡ ಹಿಡಿದುಕೊಂಡು ನಿಂತಿದ್ದಾನೆಂದು ಹೇಳಿದ. ತಂದೆಯವರು ಬಸ್ಸು ಹತ್ತುವಾಗ, “ಚಿತ್ತೆ ಮಳೆ ಒಂದು ಚೆನ್ನಾಗಿ ಹುಯ್ಯಲಿ, ಮಾರನೆಯ ದಿನ ಬೆಳಿಗ್ಗೆ ಹೋಗಿ ನೋಡು ಮಗು,” ಎಂದು ಹೇಳಿ ಹೋಗಿದ್ದಾರೆ. ಚಿತ್ತೆ ಹುಟ್ಟಲು ಇನ್ನೂ ಒಂಬತ್ತು ದಿನಗಳಿವೆ.