ಚಂದ್ರನ ಮೇಲೆ ಕೂತು ಗಾಳ ಹಾಕೋ ಹುಡುಗ

ಸಿನಿಮಾ ಶುರುವಾಗೋ ಮುಂಚೆ ಬರೋ ಲೋಗೋನ ನೀವೂ ಓಡಿಸಿಬಿಡ್ತೀರಾ ಅಲ್ವಾ? ಡ್ರೀಮ್‌ವರ್ಕ್ಸ್‌ದು ಮಾತ್ರ ಓಡಿಸಬೇಡಿ. ನಿಂತ ನೀರು, ಅದರೊಳಗೆ ಮೋಡದ ಬಿಂಬ, ಗಾಳ ಬಿದ್ದು ಏಳೋ ಅಲೆ. ಮೇಲೆ ಹೋದ್ರೆ ಬಿದಿಗೆ ಚಂದ್ರನಿಗೆ ಒರಗಿ ಕೂತ ಹುಡುಗ.

1994ರಲ್ಲಿ ಕಂಪನಿ ಕಟ್ಟಿದವರಲ್ಲಿ ಒಬ್ಬರಾದ ಸ್ಪೀಲ್‌ಬರ್ಗ್ ಕೇಳಿದ್ದು ಹುಡುಗನನ್ನಲ್ಲ! ಮೀನು ಹಿಡಿಯೋ ದೊಡ್ಡ ಮನುಷ್ಯನನ್ನ, ಅದೂ ಕಂಪ್ಯೂಟರ್‌ನಲ್ಲಿ ಮಾಡಿದ್ದನ್ನ. ಕೈಯಲ್ಲಿ ಬರೆಸಿದ್ರೆ ಚೆನ್ನಾಗಿರುತ್ತೆ ಅಂದವರು ವಿಶುವಲ್ ಎಫೆಕ್ಟ್ಸ್‌ನ ಡೆನಿಸ್ ಮ್ಯೂರೆನ್. ಕೆಲಸ ಅವರ ಸ್ನೇಹಿತ, ಚಿತ್ರಕಾರ ರಾಬರ್ಟ್ ಹಂಟ್‌ಗೆ ಹೋಯ್ತು. ಹಂಟ್ ಕೇಳಿದ್ದನ್ನ ಬರೆದುಕೊಟ್ಟರು, ಜೊತೆಗೆ ಯಾರೂ ಕೇಳದ ಇನ್ನೊಂದನ್ನೂ ಕಳಿಸಿದರು. ಅದರಲ್ಲಿದ್ದದ್ದು ಈ ಹುಡುಗ. ಮಾಡೆಲ್ ಯಾರು ಗೊತ್ತಾ? ಅವರ ಸ್ವಂತ ಮಗ. ಸ್ಪೀಲ್‌ಬರ್ಗ್‌ಗೆ ಅದೇ ಹಿಡಿಸ್ತು.

ನಂಗೆ ಹೊಟ್ಟೆಕಿಚ್ಚಾಗೋದು ಇಲ್ಲೇ. ನನ್ನ ಚಿಕ್ಕಂದಿನ ಫೋಟೋಗಳೆಲ್ಲ ಅಪ್ಪನ ಹಳೇ ಫೋನ್ ಜೊತೆಗೇ ಹೋದವು, ಒಂದೂ ಉಳಿದಿಲ್ಲ. ಆ ಮಗ ಬೆಳೆದು ದೊಡ್ಡವನಾಗಿ ಎಷ್ಟೋ ವರ್ಷ ಆಯ್ತು. ಆದ್ರೂ ಅಪ್ಪ ಬರೆದ ಚಂದ್ರನ ಮೇಲೆ ಇನ್ನೂ ಕಾಲು ಇಳಿಬಿಟ್ಟು ಕೂತಿದ್ದಾನೆ. (ಮೀನು ಇವತ್ತಿಗೂ ಸಿಕ್ಕಿಲ್ಲ, ಅದು ಬೇರೆ ವಿಷಯ.)

ಇವತ್ತು ರಾತ್ರಿ ‘ಕ್ಯಾಚ್ ಮಿ ಇಫ್ ಯು ಕ್ಯಾನ್’ ಹಾಕೋರು ಸೌಂಡ್ ಕಮ್ಮಿ ಮಾಡಬೇಡಿ. ಲೋಗೋ ಸಂಗೀತ ಜಾನ್ ವಿಲಿಯಮ್ಸ್ ಅವರದು.