ವಲಿಯಪರಂಬದ ಹಿನ್ನೀರಿನಲ್ಲಿ ಒಂದು ಬೆಳಗು

ಕಾಸರಗೋಡಿನಿಂದ ದಕ್ಷಿಣಕ್ಕೆ ಹೊರಟವರು ಮೊದಲು ಚಂದ್ರಗಿರಿ ಹೊಳೆಯನ್ನು ದಾಟಬೇಕು. ಆ ಬಳಿಕ ಬೇಕಲ, ಹೊಸದುರ್ಗ ಎಂಬ ಕೆಳದಿ ನಾಯಕರ ಕೋಟೆಗಳ ಊರುಗಳು ಒಂದರ ಹಿಂದೊಂದಾಗಿ ಬರುತ್ತವೆ. ನೀಲೇಶ್ವರವನ್ನು ತಲುಪುವಷ್ಟರಲ್ಲಿ ಅಂಗಡಿಗಳ ಫಲಕಗಳಲ್ಲಿ ಕನ್ನಡ ಕಾಣಿಸದಾಗುತ್ತದೆ. ಅಲ್ಲಿಂದ ಮುಂದೆ ಪಯ್ಯನ್ನೂರಿನವರೆಗೆ ಕಡಲಿಗೂ ನೆಲಕ್ಕೂ ನಡುವೆ ಹಬ್ಬಿರುವುದೇ ಕವ್ವಾಯಿ ಹಿನ್ನೀರು. ಅದರ ಪಡುವಣ ಅಂಚಿನಲ್ಲಿ, ತೆಂಗುಗಳನ್ನು ಹೊತ್ತ ಉದ್ದನೆಯ ಮರಳು ಪಟ್ಟಿಯಂತೆ ಮಲಗಿದೆ ವಲಿಯಪರಂಬ. ಒಂದು ಬದಿಗೆ ಅರಬ್ಬೀ ಸಮುದ್ರದ ಮೊರೆತ, ಇನ್ನೊಂದು ಬದಿಗೆ ಅಲೆಯಿಲ್ಲದ ಹಸಿರು ನೀರು.

ನಾನು ಅಲ್ಲಿಗೆ ಹೋದದ್ದು ವಿಹಾರಕ್ಕಾಗಿ ಅಲ್ಲ. ಮಗಳು ಏಳನೆಯ ತರಗತಿಯ ಕನ್ನಡ ಮಾಧ್ಯಮದ ವಿದ್ಯಾರ್ಥಿನಿ. ಅವಳ ಶಾಲೆಯಿಂದ ಪ್ರವಾಸದ ಒಪ್ಪಿಗೆ ಪತ್ರ ಮನೆಗೆ ಬಂದಿತ್ತು. ಅದರಲ್ಲಿ ‘ದೋಣಿವಿಹಾರ’ ಎಂಬ ಒಂದು ಪದ. ಕೆಳಗೆ ರಕ್ಷಕರ ಸಹಿಗೆ ಬಿಟ್ಟ ಜಾಗ. ಓದದೆ ಸಹಿ ಹಾಕಬೇಡಿ ಎಂದು ಕಕ್ಷಿದಾರರಿಗೆ ದಿನವೂ ಬುದ್ಧಿ ಹೇಳುವ ನಾನು, ನೋಡದ ದೋಣಿಗೆ ಹೇಗೆ ಒಪ್ಪಿಗೆ ಕೊಡಲಿ?

ಹಿಂಜರಿಕೆಗೆ ಇನ್ನೊಂದು ಕಾರಣವೂ ಇತ್ತು. 2007ರ ಫೆಬ್ರವರಿ 20ರಂದು ಎರ್ನಾಕುಳಂ ಜಿಲ್ಲೆಯ ತಟ್ಟೇಕಾಡಿನಲ್ಲಿ, ಪೆರಿಯಾರ್ ನದಿಯಲ್ಲಿ ದೋಣಿ ಮುಳುಗಿ ಪ್ರವಾಸಕ್ಕೆ ಬಂದಿದ್ದ 15 ಮಂದಿ ಶಾಲಾಮಕ್ಕಳೂ 3 ಮಂದಿ ಶಿಕ್ಷಕರೂ ಅಸುನೀಗಿದರು. ಆಗ ನಾನು ವಕೀಲಿ ವೃತ್ತಿಗೆ ಹೊಸಬ. 2023ರ ಮೇ 7ರಂದು ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ಮತ್ತೆ 22 ಮಂದಿ. ಇಂತಹ ದುರಂತಗಳ ವರದಿಗಳನ್ನು ಓದುವುದು ನಮ್ಮ ವೃತ್ತಿಯ ಪಾಡು. ಆದರೆ ನ್ಯಾಯಾಲಯದ ಕೆಲಸವೆಲ್ಲ ಅವಘಡ ನಡೆದ ಮೇಲಿನದು. ಈ ಬಾರಿ ಮೊದಲೇ ಹೋಗಿ ನೋಡೋಣವೆಂದು ರಕ್ಷಕ–ಶಿಕ್ಷಕ ಸಂಘಕ್ಕೆ ತಿಳಿಸಿ, ಒಂದು ಭಾನುವಾರ ಬೆಳಗ್ಗೆ ಮಗಳೊಂದಿಗೆ ಹೊರಟೆ.

ದೋಣಿಯವರು ಅರುವತ್ತರ ಆಸುಪಾಸಿನ ಹಿರಿಯರು. ಇಲ್ಲಿಯವರು ಅವರನ್ನು ‘ಸ್ರಾಂಕ್’ ಎಂದು ಕರೆಯುತ್ತಾರೆ. ನಮ್ಮ ಕರಾವಳಿಯಲ್ಲಾದರೆ ತಾಂಡೇಲರು. ನಾನು ಕೇಳುವ ಮೊದಲೇ ಕಾಗದಪತ್ರಗಳ ಚೀಲವನ್ನು ಮುಂದಿಟ್ಟರು. 1917ರ ಹಳೆಯ ಶಾಸನದ ಸ್ಥಾನದಲ್ಲಿ ಬಂದ 2021ರ ಒಳನಾಡು ನೌಕೆಗಳ ಕಾಯ್ದೆಯು ಯಂತ್ರದೋಣಿಗೆ ನೋಂದಣಿ, ತಪಾಸಣೆ, ವಿಮೆ, ನಡೆಸುವವನಿಗೆ ಅರ್ಹತಾಪತ್ರ ಇವೆಲ್ಲವನ್ನೂ ವಿಧಿಸುತ್ತದೆ. ಎಲ್ಲವೂ ಇದ್ದವು. ದೋಣಿಯ ಮೈಮೇಲೆ ‘12 ಜನ’ ಎಂದು ಬಣ್ಣದಲ್ಲಿ ಬರೆದಿತ್ತು.

“ಕಾಗದ ಸರಿಯಾಯಿತಲ್ಲ ವಕೀಲರೇ, ಇನ್ನು ಇಂಜಿನ್ ನೋಡಿ” ಎಂದರು ಮಲಯಾಳದಲ್ಲಿ.

ಅದು ದೋಣಿಯ ಹಿಂಬದಿಯ ಹಲಗೆಗೆ ಬಿಗಿದ, ಪೆಟ್ರೋಲಿನಲ್ಲಿ ನಡೆಯುವ ಇಂಜಿನ್. ಹಗ್ಗವೊಂದನ್ನು ಎಳೆದರೆ ಮುಗಿಯಿತೆಂದು ನಾನು ಭಾವಿಸಿದ್ದೆ. ಅವರು ಹಗ್ಗಕ್ಕೆ ಕೈ ಹಾಕಿದ್ದು ಎಷ್ಟೋ ಹೊತ್ತಿನ ಬಳಿಕ. ಮೊದಲು ನಮ್ಮಿಬ್ಬರಿಗೂ ಲೈಫ್ ಜಾಕೆಟ್ ತೊಡಿಸಿ ಕೂರಿಸಿದರು. ಬಳಿಕ ಬಗ್ಗಿ ಪೆಟ್ರೋಲಿನ ವಾಸನೆ ಬರುತ್ತಿದೆಯೇ ಎಂದು ಮೂಸಿದರು. ವಾಸನೆ ಬಂದರೆ ಸೋರಿಕೆಯಿದೆ ಎಂದರ್ಥ. ಅದು ಸರಿಯಾಗುವವರೆಗೆ ಇಂಜಿನ್ ಮುಟ್ಟುವಂತಿಲ್ಲ. ಟ್ಯಾಂಕಿನ ಮುಚ್ಚಳದ ಮೇಲಿನ ಗಾಳಿ ತಿರುಪನ್ನು ಸಡಿಲಿಸಿದರು. ಇಂಜಿನನ್ನು ಕೆಳಗಿಳಿಸಿ, ಪ್ರೊಪೆಲ್ಲರ್ ಪೂರ್ತಿ ನೀರಿನಲ್ಲಿದೆ, ಅದರ ಸುತ್ತ ಹಗ್ಗವಾಗಲಿ ಬಲೆಯಾಗಲಿ ಇಲ್ಲ ಎಂಬುದನ್ನು ಕಣ್ಣಾರೆ ನೋಡಿದರು.

ಆಮೇಲೆ ಸುರುಳಿಯಂತಿದ್ದ ಕೆಂಪು ದಾರವೊಂದರ ಒಂದು ತುದಿಯನ್ನು ಮಣಿಕಟ್ಟಿಗೆ ಕಟ್ಟಿಕೊಂಡು, ಇನ್ನೊಂದು ತುದಿಯ ಕೊಂಡಿಯನ್ನು ಇಂಜಿನ್ನಿಗೆ ಸಿಕ್ಕಿಸಿದರು. ಚಾಲಕ ಆಯತಪ್ಪಿ ನೀರಿಗೆ ಬಿದ್ದರೆ ಕೊಂಡಿ ಕಳಚಿ ಇಂಜಿನ್ ತಾನಾಗಿ ನಿಲ್ಲುತ್ತದೆ. ನಂತರ ಗಿಯರ್ ನ್ಯೂಟ್ರಲ್‌ನಲ್ಲಿದೆಯೇ ಎಂದು ಎರಡು ಬಾರಿ ಪರೀಕ್ಷಿಸಿದರು.

“ಎರಡು ಸಲ ಯಾಕಜ್ಜ?” ಎಂದು ಮಗಳು ಕೇಳಿದಳು. ಅವರು ಲುಂಗಿಯನ್ನು ಮೊಣಕಾಲಿನವರೆಗೆ ಸರಿಸಿ ಮೀನಖಂಡದ ಮೇಲಿನ ಉದ್ದನೆಯ ಗಾಯದ ಕಲೆಯನ್ನು ತೋರಿಸಿದರು. “ಇಪ್ಪತ್ತರ ವಯಸ್ಸು, ಮೋಳೇ. ಹಳೆಯ ಇಂಜಿನ್, ಗಿಯರಿನಲ್ಲೇ ಇತ್ತು, ನೋಡಲಿಲ್ಲ. ಹಗ್ಗ ಎಳೆದದ್ದೇ ದೋಣಿ ಮುಂದಕ್ಕೆ ಹಾರಿತು, ನಾನು ಹಿಂದಕ್ಕೆ ಬಿದ್ದೆ. ಆಗ ಈ ಕೆಂಪು ದಾರವೂ ಇರಲಿಲ್ಲ.”

ರಬ್ಬರ್ ಬುರುಡೆಯನ್ನು ಅದು ಗಟ್ಟಿಯಾಗುವ ತನಕ ಹಿಸುಕಿ ಇಂಧನವನ್ನು ಏರಿಸಿದರು. ತಣ್ಣಗಿನ ಇಂಜಿನ್ ಆದುದರಿಂದ ಚೋಕ್ ಎಳೆದರು. ಹಿಂದೆ ಮೊಣಕೈ ತಾಗುವಷ್ಟು ಹತ್ತಿರ ಯಾರೂ ಇಲ್ಲವೆಂದು ತಿರುಗಿ ನೋಡಿ, ಹಗ್ಗವನ್ನು ಬಿಗಿಯಾಗುವವರೆಗೆ ಮೆಲ್ಲನೆ ಎಳೆದು, ಬಳಿಕ ಒಮ್ಮೆಲೇ ಜಗ್ಗಿದರು. ಇಂಜಿನ್ ಹೊತ್ತಿಕೊಂಡಿತು. ಚೋಕನ್ನು ಒಳಗೆ ತಳ್ಳಿದರು. ಇಂಜಿನ್ನಿನ ಪಕ್ಕದಿಂದ ಬೆರಳ ಗಾತ್ರಕ್ಕಿಂತ ಸಣ್ಣ ನೀರಿನ ಎಳೆಯೊಂದು ಚಿಮ್ಮತೊಡಗಿತು. ಹಿನ್ನೀರನ್ನೇ ಹೀರಿ ಇಂಜಿನ್ ತನ್ನನ್ನು ತಂಪಾಗಿಸಿಕೊಳ್ಳುತ್ತಿದೆ ಎಂಬುದಕ್ಕೆ ಅದೇ ಗುರುತು. “ಮೋಳೇ, ಈ ನೀರನ್ನು ನೋಡುತ್ತಿರುವ ಕೆಲಸ ನಿನ್ನದು” ಎಂದರು. ಒಂದೆರಡು ನಿಮಿಷ ಹಾಗೆಯೇ ಬಿಸಿಯಾಗಲು ಬಿಟ್ಟು, ಆಮೇಲಷ್ಟೇ ಕಟ್ಟಿದ ಹಗ್ಗವನ್ನು ಬಿಚ್ಚಿದರು.

ದೋಣಿ ನಿಧಾನವಾಗಿ ಸಾಗಿತು. ಅಲ್ಲಲ್ಲಿ ಬಿದಿರಿನ ಚಪ್ಪರಗಳು ನೀರಿನಿಂದ ತಲೆ ಎತ್ತಿದ್ದವು. ಅವುಗಳಿಂದ ಇಳಿಬಿಟ್ಟ ಹಗ್ಗಗಳಿಗೆ ಪಚ್ಚಿಲೆಯನ್ನು ಕಟ್ಟಿ ಬೆಳೆಸುತ್ತಾರೆ. ಮಹಿಳೆಯರ ಸ್ವಸಹಾಯ ಗುಂಪುಗಳು ಇಲ್ಲಿ ಈ ಕೃಷಿಯಲ್ಲಿ ತೊಡಗಿವೆ. ಪ್ರೊಪೆಲ್ಲರಿಗೆ ಆ ಹಗ್ಗ ಸಿಕ್ಕರೆ ದೋಣಿಗೂ ಕೇಡು, ಅವರ ದುಡಿಮೆಗೂ ಕೇಡು ಎಂದು ಸ್ರಾಂಕ್ ದೂರದಿಂದಲೇ ಸುತ್ತಿ ಹೋದರು. ಕೊಕ್ಕರೆಯೊಂದು ಗೂಟದ ಮೇಲಿನಿಂದ ನಮ್ಮನ್ನು ನಿರ್ಲಕ್ಷ್ಯದಿಂದ ನೋಡಿತು.

ಆ ನೋಟದಲ್ಲಿ ನಾನು ಮೈಮರೆತಿರುವಾಗ ಮಗಳು ಕೂಗಿದಳು: “ಅಪ್ಪಾ, ನೀರು ಸಣ್ಣಗಾಗುತ್ತಿದೆ!”

ಅವಳ ಕನ್ನಡ ಅವರಿಗೆ ಅರ್ಥವಾಗಿರಲಾರದು. ತೋರಿದ ಬೆರಳು ಅರ್ಥವಾಯಿತು. ವೇಗ ತಗ್ಗಿಸಿದರು, ನ್ಯೂಟ್ರಲ್‌ಗೆ ತಂದರು, ಇಂಜಿನ್ ನಿಲ್ಲಿಸಿದರು. ದೋಣಿ ಚಪ್ಪರಗಳತ್ತ ಸರಿಯದಂತೆ ಲಂಗರು ಇಳಿಸಿದರು. ಕೆಂಪು ಕೊಂಡಿಯನ್ನು ತೆಗೆದು ಜೇಬಿಗಿಟ್ಟ ಮೇಲೆಯೇ ಇಂಜಿನನ್ನು ಮೇಲಕ್ಕೆತ್ತಿದರು. ನೀರು ಹೀರುವ ರಂಧ್ರಗಳಿಗೆ ಪ್ಲಾಸ್ಟಿಕ್ ಚೀಲವೊಂದು ಅಂಟಿಕೊಂಡಿತ್ತು, ನಾವು ಅಂಗಡಿಯಿಂದ ತಂದು ಎಸೆಯುವಂತಹುದೇ. ಹಾಗೆಯೇ ಮುಂದುವರಿದಿದ್ದರೆ ಇಂಜಿನ್ ಕಾದು ಕೆಟ್ಟು, ಹರಿವಿನ ನಡುವೆ ನಮ್ಮನ್ನು ಕೈಬಿಡುತ್ತಿತ್ತು. ಚೀಲವನ್ನು ಬಿಡಿಸಿ ಮತ್ತೆ ಹೊರಡುವಾಗಲೂ ಕೊಂಡಿ, ನ್ಯೂಟ್ರಲ್, ಹಿಂದಿರುಗಿ ನೋಡುವುದು ಯಾವುದನ್ನೂ ಅವರು ಬಿಡಲಿಲ್ಲ. ಬಿಸಿಯಾಗಿದ್ದ ಇಂಜಿನ್ನಿಗೆ ಚೋಕ್ ಮಾತ್ರ ಬೇಕಾಗಲಿಲ್ಲ.

ಮರಳಿ ದಡ ಸೇರಿದಾಗ ಇನ್ನೊಂದು ಪಾಠ. ದೋಣಿ ಕಟ್ಟೆಗೆ ತಾಗಿದೊಡನೆ ನಾನು ಎದ್ದು ನಿಂತೆ. “ಕುಳಿತುಕೊಳ್ಳಿ” ಎಂದರು ಗಡುಸಾಗಿ. ನ್ಯೂಟ್ರಲ್‌ಗೆ ತಂದ ಮೇಲೂ ಪ್ರೊಪೆಲ್ಲರ್ ತಿರುಗುತ್ತಿರಬಹುದು. ಹಗ್ಗ ಗೂಟಕ್ಕೆ ಬೀಳುವ ತನಕ ಇಂಜಿನ್ ಬೇಕು. ಹಗ್ಗ ಬಿಗಿದು, ಇಂಜಿನ್ ನಿಂತ ಮೇಲಷ್ಟೇ ಜನ ಇಳಿಯಬೇಕು. ಬಳಿಕ ಇಂಧನದ ಕೊಳವೆಯನ್ನು ಕಳಚಿ, ಗಾಳಿ ತಿರುಪನ್ನು ಮುಚ್ಚಿ, ಇಂಜಿನನ್ನು ನೀರಿನಿಂದ ಮೇಲೆತ್ತಿದರು. ಸಂಜೆ ಕೆಲಸ ಮುಗಿದಾಗ ಸಿಹಿನೀರು ಹಾಯಿಸಿ ಒಳಗಿನ ಉಪ್ಪನ್ನು ತೊಳೆಯುತ್ತಾರಂತೆ. ಇಲ್ಲವಾದರೆ ಉಪ್ಪು ಒಳಗೇ ಕಟ್ಟಿಕೊಂಡು ಮುಂದೊಂದು ದಿನ ನೀರಿನ ದಾರಿಯನ್ನು ಮುಚ್ಚುತ್ತದೆ.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದೆ. ಜೊತೆಗೆ ಮುಖ್ಯೋಪಾಧ್ಯಾಯರಿಗೆ ಒಂದು ಕಾಗದವನ್ನೂ ಬರೆದೆ: ಶಿಕ್ಷಕರೂ ಸೇರಿ ಒಂದು ಸಲಕ್ಕೆ 12 ಮಂದಿಗಿಂತ ಹೆಚ್ಚು ಬೇಡ, ಎಷ್ಟು ಸರದಿಯಾದರೂ ಚಿಂತೆಯಿಲ್ಲ, ದಡದಲ್ಲೇ ಲೈಫ್ ಜಾಕೆಟ್ ತೊಡಬೇಕು, ಕೆಂಪು ದಾರ ಚಾಲಕನ ಕೈಯಲ್ಲಿರುವುದನ್ನು ಶಿಕ್ಷಕರು ನೋಡಿಯೇ ಹೊರಡಬೇಕು. ಮಕ್ಕಳನ್ನು ನೀರಿಗೆ ಕಳುಹಿಸುವ ಯಾವ ತಂದೆ ತಾಯಿಯೂ ಇಷ್ಟನ್ನು ಕೇಳಬಹುದು. ಇದಕ್ಕೆ ಕಾನೂನು ಓದಿರಬೇಕೆಂದಿಲ್ಲ.

ಪ್ರವಾಸದ ದಿನ ಜೊತೆಗೆ ಹೋದ ರಕ್ಷಕರಲ್ಲಿ ನಾನೂ ಒಬ್ಬ. ಮೊದಲನೆಯ ಸರದಿಯ ದೋಣಿ ಕಟ್ಟೆಗೆ ತಾಗುತ್ತಲೇ ಮಕ್ಕಳೆಲ್ಲ ಗದ್ದಲದಿಂದ ಎದ್ದರು. ಮಗಳ ದನಿ ಕೇಳಿಸಿತು: “ಕುಳಿತುಕೊಳ್ಳಿ, ಇಂಜಿನ್ ಇನ್ನೂ ನಿಂತಿಲ್ಲ!” ಕನ್ನಡ ಬಾರದ ಸ್ರಾಂಕ್ ಅವಳತ್ತ ನೋಡಿ ತಲೆಯಾಡಿಸಿದರು. ಮಕ್ಕಳು ಕುಳಿತರು.