ಅಂಟಿಸುವ ಮೊದಲೇ ಬಿಡಿಸುವ ಯೋಚನೆ

ಆಳಂದ ತಾಲ್ಲೂಕಿನ ಕಿಣ್ಣಿ ಸುಲ್ತಾನದ ಸೀಮೆಯೆಂದರೆ ಎರೆಮಣ್ಣಿನ ಸೀಮೆ. ಮುಂಗಾರಿಗೆ ತೊಗರಿ, ಹಿಂಗಾರಿಗೆ ಜೋಳ ಮತ್ತು ಕಡಲೆ. ಹೊತ್ತು ಮೂಡುತ್ತಲೇ ಅಡುಗೆಮನೆಗಳಿಂದ ರೊಟ್ಟಿ ಬಡಿಯುವ ಸದ್ದು ಕೇಳುತ್ತದೆ. ಹೊಸದಾಗಿ ರೊಟ್ಟಿ ಕಲಿಯುವ ಹುಡುಗಿಗೆ ಅವ್ವ ಹೇಳುವ ಮೊದಲ ಪಾಠ ಒಂದೇ: "ಮೊದಲ ಹಿಟ್ಟು ಉದುರ್ಸು, ಆಮ್ಯಾಲ ಬಡಿ." ಹಿಟ್ಟು ಉದುರಿಸದೆ ಬಡಿದ ರೊಟ್ಟಿ ಎಷ್ಟೇ ದುಂಡಗಿರಲಿ, ಎತ್ತುವಾಗ ಹರಿಯುತ್ತದೆ.

ಈ ಪಾಠಕ್ಕೂ ವಿಮಾನಕ್ಕೂ ಏನು ಸಂಬಂಧ? ಆಳಂದದ ಹಾದಿಯಾಗಿ ಕಲಬುರಗಿ ತಲುಪಿ, ಊರು ದಾಟಿ ಸೇಡಂ ದಿಕ್ಕಿಗೆ ಹೋದರೆ ಶ್ರೀನಿವಾಸ ಸರಡಗಿಯ ಬಳಿ ವಿಮಾನ ನಿಲ್ದಾಣ ಸಿಗುತ್ತದೆ. ಅದು ಉದ್ಘಾಟನೆಯಾದದ್ದು 2019ರ ನವೆಂಬರ್ 22ರಂದು. 2021ರಲ್ಲಿ ಹೊಸ ಹಾರಾಟ ತರಬೇತಿ ಕೇಂದ್ರಗಳಿಗಾಗಿ ಆಯ್ದ ದೇಶದ ಐದು ನಿಲ್ದಾಣಗಳಲ್ಲಿ ಬೆಳಗಾವಿಯ ಜತೆ ಕಲಬುರಗಿಯೂ ಸೇರಿತು. ತೊಗರಿ ಹೊಲದ ಮಕ್ಕಳಿಗೆ ಪುಟ್ಟ ವಿಮಾನ ಈಗ ಪುಸ್ತಕದ ಚಿತ್ರವಷ್ಟೇ ಅಲ್ಲ. ಇಂಥ ಹಲವು ಪುಟ್ಟ ವಿಮಾನಗಳ ಮೈ ಲೋಹದ್ದಲ್ಲ, ಬಟ್ಟೆ ಮತ್ತು ಅಂಟಿನದು ಎಂದರೆ ಅಚ್ಚರಿಯಾಗಬಹುದು. ಗಾಜಿನ ಎಳೆಯಿಂದ ನೇಯ್ದ ಬಟ್ಟೆಗೆ ಎಪಾಕ್ಸಿ ರಾಳ ಕುಡಿಸಿ, ಪದರದ ಮೇಲೆ ಪದರ ಹಾಸಿ ಗಟ್ಟಿಯಾಗಲು ಬಿಟ್ಟರೆ ಆಗುವುದೇ ಫೈಬರ್‌ಗ್ಲಾಸ್.

ಇದರ ಕರ್ನಾಟಕದ ಕಥೆ ಅರಿಯಲು ಕಲಬುರಗಿಯಿಂದ ರಾತ್ರಿ ರೈಲು ಹತ್ತಿ ಬೆಂಗಳೂರಿಗೆ ಹೋಗಬೇಕು. ಅಲ್ಲಿನ ಹಳೆಯ ವಿಮಾನ ನಿಲ್ದಾಣ ರಸ್ತೆಯ ಕೋಡಿಹಳ್ಳಿಯಲ್ಲಿದೆ ಎನ್‌ಎಎಲ್, ಅಂದರೆ ರಾಷ್ಟ್ರೀಯ ವಾಂತರಿಕ್ಷ ಪ್ರಯೋಗಾಲಯ. 1959ರಲ್ಲಿ ದೆಹಲಿಯಲ್ಲಿ ಹುಟ್ಟಿದ ಈ ಸಂಸ್ಥೆ ಮರುವರ್ಷ ಬೆಂಗಳೂರಿಗೆ ಬಂದಾಗ ನೆಲೆ ಕೊಟ್ಟದ್ದು ಜಯಮಹಲ್ ರಸ್ತೆಯ ಮೈಸೂರು ಮಹಾರಾಜರ ಅರಮನೆಯ ಕುದುರೆ ಲಾಯ!

ಅಮೆರಿಕದ ಬರ್ಟ್ ರುಟಾನ್ ಎಂಬ ವಿನ್ಯಾಸಕಾರ, ಮನೆಯ ಗ್ಯಾರೇಜಿನಲ್ಲೇ ಕಟ್ಟಬಹುದಾದ 'ಲಾಂಗ್-ಇಝೀ' ಎಂಬ ವಿಮಾನದ ನಕ್ಷೆ ರೂಪಿಸಿದ್ದರು. ಪುಟ್ಟ ರೆಕ್ಕೆ ಮುಂದೆ, ದೊಡ್ಡ ರೆಕ್ಕೆ ಹಿಂದೆ. ಆ ವಿನ್ಯಾಸವನ್ನು ಆಧರಿಸಿ ಎನ್‌ಎಎಲ್ ಕಟ್ಟಿದ ಹಗುರ ಸಂಶೋಧನಾ ವಿಮಾನ 1987ರಲ್ಲಿ ಹಾರಿತು. ಅದರ ಬೆನ್ನಿಗೇ ಬಂದದ್ದು ಇಬ್ಬರು ಕೂರುವ 'ಹಂಸ'. ಮೊದಲ ಮಾದರಿ ಹಾರಿದ್ದು 1993ರಲ್ಲಿ. ಹಂಸ-3ಕ್ಕೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಪ್ರಮಾಣಪತ್ರ ದೊರೆತದ್ದು 2000ದಲ್ಲಿ. ಸುಧಾರಿತ 'ಹಂಸ-ಎನ್‌ಜಿ' 2021ರ ಸೆಪ್ಟೆಂಬರಿನಲ್ಲಿ ಗಗನಕ್ಕೇರಿತು.

ಗ್ಯಾರೇಜಿನಲ್ಲಿ ವಿಮಾನ ಕಟ್ಟುವವರ ಎದೆ ಹೆಚ್ಚು ಡವಗುಟ್ಟುವ ಗಳಿಗೆಗಳಲ್ಲಿ ಕ್ಯಾನೊಪಿ ಬಿಡಿಸುವುದೂ ಒಂದು. ಪೈಲಟ್‌ನ ತಲೆಯ ಮೇಲಿನ ಪಾರದರ್ಶಕ ಮುಚ್ಚಳವೇ ಕ್ಯಾನೊಪಿ. ಅದು ಗಾಜಲ್ಲ, ಕಾಯಿಸಿ ಗುಳ್ಳೆಯಂತೆ ಉಬ್ಬಿಸಿದ ಅಕ್ರಿಲಿಕ್ ಹಾಳೆ. ಅದರ ಅಂಚಿಗೆ ಫೈಬರ್‌ಗ್ಲಾಸ್ ಚೌಕಟ್ಟು ಬೇಕು. ಚೌಕಟ್ಟು ವಿಮಾನದ ಮೈಗೆ ಕೂದಲೆಳೆಯಷ್ಟೂ ಸಂದಿಲ್ಲದಂತೆ ಕೂರಬೇಕಾದರೆ, ಕ್ಯಾನೊಪಿಯನ್ನು ವಿಮಾನದ ಮೇಲೆಯೇ ಇಟ್ಟು, ಅಲ್ಲೇ ಬಟ್ಟೆ ಹಾಸಿ ರಾಳ ಸವರುವುದು ಒಳ್ಳೆಯ ಉಪಾಯ. ವಿಮಾನದ ಮೈಯೇ ಅದಕ್ಕೆ ಅಚ್ಚು.

ತೊಡಕಿರುವುದೂ ಇಲ್ಲೇ. ಚೌಕಟ್ಟು ಅಕ್ರಿಲಿಕ್ಕಿಗೆ ಬಿಗಿಯಾಗಿ ಅಂಟಬೇಕು, ವಿಮಾನದ ಮೈಗೆ ಮಾತ್ರ ಅಂಟಲೇಬಾರದು. ಒಂದೆರಡು ಬೆರಳಗಲದ ಜಾಗದಲ್ಲಿ ಎರಡು ವಿರುದ್ಧ ಕೆಲಸ! ಅಂಟಬೇಕಾದ ಅಂಚನ್ನು ಮರಳು ಕಾಗದದಿಂದ ಉಜ್ಜಿ ತರಿಯಾಗಿಸುತ್ತಾರೆ. ಅಂಟಬಾರದ ಕಡೆ ಪೆಟ್ಟಿಗೆಗೆ ಸುತ್ತುವ ಸಾಮಾನ್ಯ ಪ್ಲಾಸ್ಟಿಕ್ ಟೇಪು ಹಚ್ಚುತ್ತಾರೆ, ಏಕೆಂದರೆ ಎಪಾಕ್ಸಿ ಅದನ್ನು ಹಿಡಿಯುವುದಿಲ್ಲ. ಇಲ್ಲವೇ ಮೇಣವನ್ನು ಹಲವು ಸಲ ತಿಕ್ಕಿ, ಮೇಲೆ ನೀರಿನಲ್ಲಿ ಕರಗುವ ತೆಳು ಲೇಪ ಕೊಡುತ್ತಾರೆ. ಟೇಪು ಮುದುಡಿದರೆ ಆ ಮುದುಡು ಚೌಕಟ್ಟಿನಲ್ಲಿ ಹಾಗೆಯೇ ಮೂಡುತ್ತದೆ. ಒಂದು ಕಡೆ ಟೇಪು ತಪ್ಪಿದರೆ ಮುಚ್ಚಳವೇ ವಿಮಾನಕ್ಕೆ ಬೆಸೆದುಕೊಳ್ಳುತ್ತದೆ. ಮೇಣದ ಕೈ ಅಂಟಬೇಕಾದ ಅಂಚಿಗೆ ತಾಗಿದರೆ ಕೇಡು ಇನ್ನೂ ದೊಡ್ಡದು: ಇಂದು ಕೂತಂತೆ ಕಂಡ ಚೌಕಟ್ಟು ನಾಳೆ ಆಕಾಶದಲ್ಲಿ ಬಿಟ್ಟುಕೊಳ್ಳಬಹುದು.

ರಾಳ ಪೂರ್ತಿ ಗಟ್ಟಿಯಾದ ಮೇಲೆ ಬಿಡಿಸುವ ಸರದಿ. ಮರದ ಅಥವಾ ಪ್ಲಾಸ್ಟಿಕ್ಕಿನ ತೆಳು ಬೆಣೆಗಳನ್ನು ಅಂಚಿನುದ್ದಕ್ಕೂ ಮೆಲ್ಲನೆ ತೂರಿಸುತ್ತ, ಸುತ್ತು ಬಂದು ಮತ್ತೆ ಸುತ್ತಬೇಕು. ಒಂದೇ ಮೂಲೆಯನ್ನು ಎತ್ತಿ ಎಳೆದರೆ ಅಕ್ರಿಲಿಕ್ ಬಿರುಕು ಬಿಡುತ್ತದೆ. ನಡುವೆ ಚಟಪಟ ಸದ್ದು ಕೇಳುತ್ತದೆ. ಬಿಟ್ಟದ್ದು ಅಂಟೋ, ಒಡೆದದ್ದು ಕ್ಯಾನೊಪಿಯೋ ಎಂದು ಹೊಸಬನ ಕೈ ನಡುಗುತ್ತದೆ. ಆತುರಕ್ಕೆ ಸ್ಕ್ರೂ ಡ್ರೈವರ್ ಹಿಡಿಯುವಂತಿಲ್ಲ. ಅದು ಮಾಡಿದ ಸಣ್ಣ ಗಾಯವೇ ಬಿರುಕಿನ ಬೀಜ. ಅಂಟು ಒರೆಸಲೆಂದು ಅಸಿಟೋನ್, ಥಿನ್ನರ್ ಸವರಿದರೂ ಅಕ್ರಿಲಿಕ್ಕಿನ ಮೈಯಲ್ಲಿ ಜೇಡರ ಬಲೆಯಂಥ ಸೂಕ್ಷ್ಮ ಬಿರುಕುಗಳೇಳುತ್ತವೆ. ಮತ್ತೆ ಅದರೊಳಗಿಂದ ಓಡುದಾರಿ ಸ್ಪಷ್ಟವಾಗಿ ಕಾಣಲಾರದು. ತಿಂಗಳುಗಳ ಶ್ರಮ ನೀರುಪಾಲು.

ಬಿಸಿಲಿನ ಲೆಕ್ಕವೂ ಇದೆ. ಒಂದು ಮೀಟರ್ ಉದ್ದದ ಅಕ್ರಿಲಿಕ್, ಉಷ್ಣತೆ 30 ಡಿಗ್ರಿ ಏರಿದರೆ ಸುಮಾರು 2 ಮಿ.ಮೀ. ಹಿಗ್ಗುತ್ತದೆ, ಫೈಬರ್‌ಗ್ಲಾಸ್ ಅಷ್ಟು ಹಿಗ್ಗುವುದಿಲ್ಲ. ಈ ಜಗ್ಗಾಟಕ್ಕೆ ಜಾಗ ಬಿಟ್ಟೇ ಸ್ಕ್ರೂಗಳ ತೂತನ್ನು ತುಸು ದೊಡ್ಡದಾಗಿ ಕೊರೆಯುತ್ತಾರೆ. 40 ಡಿಗ್ರಿ ದಾಟುವ ಕಲಬುರಗಿಯ ಬೇಸಿಗೆಯಲ್ಲಿ ರಾಳವೂ ಬೇಗ ಗಟ್ಟಿಯಾಗುತ್ತದೆ. ಬಟ್ಟಲು ತುಂಬ ಕಲಸಿಟ್ಟರೆ ತನ್ನ ಕಾವಿಗೆ ತಾನೇ ಹೊಗೆಯಾಡುತ್ತದೆ. ಇಂಥ ಕಡೆ ನಸುಕಿನ ಹೊತ್ತು, ಅಗಲ ತಟ್ಟೆ, ಸ್ವಲ್ಪ ಸ್ವಲ್ಪವೇ ಕಲಸುವುದು ಸರಿಯಾದ ದಾರಿ. ಕೈಗವಸು, ಮುಖಗವಸು ಇಲ್ಲದೆ ಎಪಾಕ್ಸಿ ಮುಟ್ಟಲೇಬಾರದು ಎಂಬುದನ್ನು ಮಕ್ಕಳಿಗೆ ಪಾಲಕರು ತಿಳಿಹೇಳಬೇಕು.

ವಿಜ್ಞಾನ ಪ್ರವಾಸಕ್ಕೆ ಬೆಂಗಳೂರಿಗೆ ಹೋಗುವ ಶಾಲೆಗಳು ಹಳೆಯ ವಿಮಾನ ನಿಲ್ದಾಣ ರಸ್ತೆಯ ಎಚ್‌ಎಎಲ್ ವಸ್ತುಸಂಗ್ರಹಾಲಯವನ್ನು ನೋಡಬಹುದು. ಎನ್‌ಎಎಲ್ ಆವರಣಕ್ಕೆ ಮೊದಲೇ ಅನುಮತಿ ಬೇಕು. ಸೆಪ್ಟೆಂಬರ್ 26, ಅದರ ಮಾತೃಸಂಸ್ಥೆ ಸಿಎಸ್‌ಐಆರ್ ಹುಟ್ಟಿದ ದಿನ. ಅದರ ಆಸುಪಾಸಿನಲ್ಲಿ ಪ್ರಯೋಗಾಲಯಗಳು ವಿದ್ಯಾರ್ಥಿಗಳಿಗೆ ಬಾಗಿಲು ತೆರೆಯುವ ರೂಢಿಯಿದೆ. ಶಾಲೆಯವರು ಪತ್ರ ಬರೆದು ವಿಚಾರಿಸುವುದು ಒಳ್ಳೆಯದು.

ವಿಮಾನ ಕಟ್ಟಲು ದೊಡ್ಡ ಗಣಿತ ಬೇಕು, ನಿಜ. ಅದರ ಜತೆಗೆ ಹಚ್ಚುವ ಮುನ್ನ ಬಿಡಿಸುವುದನ್ನು ಯೋಚಿಸುವ ತಾಳ್ಮೆಯೂ ಬೇಕು. ಅದರ ಮೊದಲ ಪಾಠ ಕಿಣ್ಣಿ ಸುಲ್ತಾನದ ಮಕ್ಕಳಿಗೆ ಮನೆಯಲ್ಲೇ ಆಗಿದೆ. ಹಿಟ್ಟು ಉದುರಿಸಿದ ಕೈಗೆ ರೊಟ್ಟಿ ಇಡಿಯಾಗಿಯೇ ಬರುತ್ತದೆ.